ಋಣವೂ ಅನುಬಂಧವೂ

ನಮ್ಮ ಹಿರಿಯರು ಗಂಡಹೆಂಡಿರ ಸಂಬಂಧವನ್ನು ಋಣಾನುಬಂಧವೆಂದು ಕರೆದರು. ಆ ಒಂದು ಪದದಲ್ಲಿ ಎರಡು ಮಾತುಗಳು ಅಡಗಿವೆ. ಋಣವೆಂಬುದು ಹಿಂದಿನದು, ಅನುಬಂಧವೆಂಬುದು ಮುಂದೆ ಬೆಳೆಯತಕ್ಕದ್ದು. ಹಿರಿಯರು ಹೇಳಿದ ಋಣ ಪೂರ್ವಜನ್ಮದ್ದು. ಅದರ ಲೆಕ್ಕವನ್ನು ಚಿತ್ರಗುಪ್ತನಲ್ಲದೆ ಮತ್ತಾರೂ ಬಲ್ಲವರಲ್ಲ. ಆದರೆ ಕಾಗದದ ಮೇಲೆ ಬರೆದು, ಸಾಕ್ಷಿ ಹಾಕಿಸಿ, ಬಡ್ಡಿ ಕಟ್ಟುತ್ತಿರುವ ಈ ಜನ್ಮದ ಸಾಲವೇ ಇಬ್ಬರನ್ನು ಮದುವೆಯ ಮಂಟಪಕ್ಕೆ ಕರೆತಂದರೆ ಗತಿಯೇನು? ಅಂಥ ಋಣದಿಂದ ಅನುಬಂಧ ಹುಟ್ಟಬಲ್ಲುದೇ?

ಈ ಪ್ರಶ್ನೆಯನ್ನೇ ಎತ್ತಿಕೊಂಡು ಇಂಗ್ಲೆಂಡಿನ ಲೇಖಕಿ ಜಾರ್ಜೆಟ್ ಹೇಯರ್ ಅವರು 1961ರಲ್ಲಿ ಒಂದು ಐತಿಹಾಸಿಕ ಕಾದಂಬರಿಯನ್ನು ಪ್ರಕಟಿಸಿದರು. ಅದರ ಹೆಸರು ‘ಎ ಸಿವಿಲ್ ಕಾಂಟ್ರಾಕ್ಟ್’. ‘ಸಿವಿಲ್’ ಎಂಬ ಶಬ್ದಕ್ಕೆ ಆ ಭಾಷೆಯಲ್ಲಿ ಎರಡು ಅರ್ಥಗಳುಂಟು. ನ್ಯಾಯಾಲಯದ ವ್ಯವಹಾರಕ್ಕೆ ಸಂಬಂಧಿಸಿದುದು ಎಂಬುದು ಒಂದು. ಸೌಜನ್ಯದಿಂದ ಕೂಡಿದುದು ಎಂಬುದು ಇನ್ನೊಂದು. ಕರಾರುಪತ್ರದಿಂದ ಆರಂಭವಾಗಿ ಸೌಜನ್ಯದಿಂದ ಉಳಿದುಕೊಂಡ ಒಂದು ದಾಂಪತ್ಯದ ಕಥೆಗೆ ಇದಕ್ಕಿಂತ ಒಪ್ಪುವ ಹೆಸರು ಬೇರೊಂದಿರಲಾರದು.

ಲೇಖಕಿಯ ಹಿನ್ನೆಲೆ

ಶ್ರೀಮತಿ ಹೇಯರ್ ಅವರು 1902ರಲ್ಲಿ ಲಂಡನ್ ಸಮೀಪದ ವಿಂಬಲ್ಡನ್ನಿನಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡರು. ಕಾಯಿಲೆ ಬಿದ್ದಿದ್ದ ತಮ್ಮನ ಬೇಸರ ಕಳೆಯಲೆಂದು ಹೆಣೆದ ಕಥೆಯೇ ಅವರ ಮೊದಲ ಕಾದಂಬರಿಯಾಗಿ 1921ರಲ್ಲಿ ಅಚ್ಚಾಯಿತು. 1925ರಲ್ಲಿ ಅವರ ಮದುವೆ ನಿಶ್ಚಯವಾಗಿದ್ದ ಕಾಲದಲ್ಲಿಯೇ ತಂದೆ ಹಠಾತ್ತನೆ ತೀರಿಕೊಂಡರು. ಇಬ್ಬರು ತಮ್ಮಂದಿರ ಭಾರ ಹಿರಿಯ ಮಗಳ ಹೆಗಲಿಗೆ ಬಿದ್ದಿತು. ಗಣಿ ಎಂಜಿನಿಯರ್ ಆಗಿದ್ದ ಪತಿಯೊಡನೆ ಆಫ್ರಿಕದ ಟಾಂಗನೀಕಕ್ಕೂ ಬಳಿಕ ಮ್ಯಾಸಿಡೋನಿಯಕ್ಕೂ ಹೋಗಿ ಬಂದರು. ಪತಿ ಕೆಲಸ ಬಿಟ್ಟು ವಕೀಲಿ ಓದುತ್ತಿದ್ದ ದಿನಗಳಲ್ಲಿ ಸಂಸಾರದ ಆಧಾರ ಲೇಖಕಿಯ ಲೇಖನಿಯೇ ಆಗಿತ್ತು.

ಈ ವಿವರಗಳನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಶೃಂಗಾರ ಕಾದಂಬರಿಗಳಲ್ಲಿ ಹಣದ ಮಾತು ಬರುವುದೇ ಅಪರೂಪ; ಬಂದರೂ ಕೊನೆಯ ಅಧ್ಯಾಯದಲ್ಲಿ ಯಾವನೋ ದೂರದ ಚಿಕ್ಕಪ್ಪನ ಆಸ್ತಿಯ ರೂಪದಲ್ಲಿ ಬಂದು ಎಲ್ಲರ ಕಷ್ಟವನ್ನೂ ನೀಗಿಸಿಬಿಡುತ್ತದೆ. ಆದರೆ ತಿಂಗಳ ಕೊನೆಗೆ ಲೆಕ್ಕ ಕೂಡಿಸಿ ಕಳೆದು ನೋಡಬಲ್ಲ ಲೇಖಕಿಯ ಕೈಯಲ್ಲಿ ಹಣ ಬೇರೆಯೇ ಸ್ವರೂಪವನ್ನು ತಾಳುತ್ತದೆ. ಅದು ಮನೆಯೊಳಗೆ ಬಂದು ಕೂರುತ್ತದೆ; ಊಟದ ಮೇಜಿನ ಬಳಿ ಎಲ್ಲರೊಡನೆ ಊಟ ಮಾಡುತ್ತದೆ. ಹೇಯರ್ ಅವರು ಅನುಕೂಲಕ್ಕಾಗಿ ಮಾಡಿಕೊಂಡ ಮದುವೆಯನ್ನು ವಸ್ತುವಾಗಿ ಇದಕ್ಕೆ ಮೊದಲೂ ಬಳಸಿದ್ದರು. 1934ರ ‘ದಿ ಕನ್ವೀನಿಯೆಂಟ್ ಮ್ಯಾರೇಜ್’ ಎಂಬುದು ಅಂಥದೇ ಒಂದು ಕಾದಂಬರಿ. ಆದರೆ ಅದು ನಗೆಗಾಗಿ ಬರೆದುದು. ಇಪ್ಪತ್ತೇಳು ವರ್ಷಗಳ ತರುವಾಯ ಅದೇ ವಸ್ತುವನ್ನು ಮತ್ತೆ ಕೈಗೆತ್ತಿಕೊಂಡಾಗ ಅವರಿಗೆ ಐವತ್ತೊಂಬತ್ತರ ವಯಸ್ಸು. ನಗೆ ಇಲ್ಲಿಯೂ ಇದೆ. ಆದರೆ ಅದರ ಕೆಳಗೆ ವಿಚಾರದ ಆಳವಿದೆ.

ಯುದ್ಧ ಮುಗಿದ ಇಂಗ್ಲೆಂಡು

ಕಥೆ ನಡೆಯುವುದು 1814 ಮತ್ತು 1815ರಲ್ಲಿ. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಯೂರೋಪ್ ಖಂಡವನ್ನು ಸುಟ್ಟ ಯುದ್ಧ ಆಗ ಮುಗಿಯುತ್ತ ಬಂದಿತ್ತು. 1814ರ ಏಪ್ರಿಲಿನಲ್ಲಿ ನೆಪೋಲಿಯನ್ ಚಕ್ರವರ್ತಿ ಸಿಂಹಾಸನವನ್ನು ತ್ಯಜಿಸಿ ಎಲ್ಬಾ ದ್ವೀಪಕ್ಕೆ ಹೋದನು. ಲಂಡನ್ನಿನಲ್ಲಿ ದೀಪೋತ್ಸವಗಳು ನಡೆದವು. ರಷ್ಯದ ಚಕ್ರವರ್ತಿಯೂ ಪ್ರಷ್ಯದ ಅರಸನೂ ಅತಿಥಿಗಳಾಗಿ ಬಂದರು. ಆದರೆ ಉತ್ಸವದ ಬೆಳಕಿನ ಹಿಂದೆ ಕತ್ತಲೆಯೂ ಇತ್ತು. ಧಾನ್ಯದ ಬೆಲೆ ಕುಸಿದು ಜಮೀನುದಾರರು ಕಂಗಾಲಾದರು. 1815ರಲ್ಲಿ ಪಾರ್ಲಿಮೆಂಟು ಧಾನ್ಯದ ಕಾನೂನನ್ನು ಮಾಡಿ, ಒಳನಾಡಿನ ಗೋಧಿಯ ಬೆಲೆ ಒಂದು ಕ್ವಾರ್ಟರಿಗೆ 80 ಷಿಲಿಂಗ್ ಮುಟ್ಟುವವರೆಗೆ ಹೊರನಾಡಿನ ಗೋಧಿ ಬಾರದಂತೆ ತಡೆಯಿತು. ಇದರಿಂದ ಜಮೀನುದಾರನಿಗೆ ಉಪಕಾರವಾಯಿತು; ಬಡವನ ರೊಟ್ಟಿ ತುಟ್ಟಿಯಾಯಿತು. ಇತ್ತ ಯುದ್ಧಕಾಲದಲ್ಲಿ ವ್ಯಾಪಾರಮಾಡಿದವರ ತಿಜೋರಿ ತುಂಬಿತ್ತು. ಹೀಗೆ ಒಂದು ಕಡೆ ಮನೆತನವಿದ್ದು ಹಣವಿಲ್ಲದವರು, ಇನ್ನೊಂದು ಕಡೆ ಹಣವಿದ್ದು ಮನೆತನವಿಲ್ಲದವರು ಎದುರುಬದುರಾಗಿ ನಿಂತ ಕಾಲವದು. ಮದುವೆಯ ದಲಾಲಿಗೆ ಇದಕ್ಕಿಂತ ಒಳ್ಳೆಯ ಕಾಲ ಯಾವುದು!

ಈ ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ನಾಯಕನಾಗಿದ್ದ ವೆಲಿಂಗ್ಟನ್ ಪ್ರಭು ಕನ್ನಡನಾಡಿಗೆ ಅಪರಿಚಿತನಲ್ಲ. ಆರ್ಥರ್ ವೆಲೆಸ್ಲಿ ಎಂಬ ಹೆಸರಿನ ಕರ್ನಲನಾಗಿ 1799ರಲ್ಲಿ ಟಿಪ್ಪು ಸುಲ್ತಾನನ ಪತನದ ತರುವಾಯ ಶ್ರೀರಂಗಪಟ್ಟಣದ ಆಡಳಿತವನ್ನು ವಹಿಸಿಕೊಂಡವನು ಈತನೇ. ಧೋಂಡಿಯಾ ವಾಘನನ್ನು ಬೆನ್ನಟ್ಟಿ 1800ರಲ್ಲಿ ಕೊನೆಗಾಣಿಸಿದವನೂ ಈತನೇ. ಕಾವೇರಿಯ ದಡದಲ್ಲಿ ಯುದ್ಧದ ಪಾಠ ಕಲಿತ ಆ ಸೇನಾನಿಯ ಕೈಕೆಳಗೆ ಸ್ಪೇಯಿನ್ ದೇಶದಲ್ಲಿ ಕಾದಿದ ಒಬ್ಬ ಕ್ಯಾಪ್ಟನನೇ ನಮ್ಮ ಕಥಾನಾಯಕ.

ಸಾಲದ ಮನೆಗೆ ಬಂದ ಸಿಪಾಯಿ

ಆಡಮ್ ಡೆವೆರಿಲ್ ಎಂಬ ಈ ಕ್ಯಾಪ್ಟನನಿಗೆ ಯುದ್ಧದಲ್ಲಿ ಬಿದ್ದ ಪೆಟ್ಟಿನಿಂದ ಕಾಲು ಸ್ವಲ್ಪ ಕುಂಟು. ತಂದೆ ಬೇಟೆಯ ಕಾಲದಲ್ಲಿ ಅಪಘಾತಕ್ಕೊಳಗಾಗಿ ಸತ್ತನೆಂಬ ಸುದ್ದಿ ತಿಳಿದು ಆತನು ಮನೆಗೆ ಬರುತ್ತಾನೆ. ಬಂದವನಿಗೆ ಪ್ರಾಪ್ತವಾದುದು ವೈಕೌಂಟ್ ಲಿಂಟನ್ ಎಂಬ ಬಿರುದು. ಅದರ ಜೊತೆಗೆ ಬೆಟ್ಟದಷ್ಟು ಸಾಲ. ತಂದೆ ರಾಜಕುಮಾರನ ಗೆಳೆತನದಲ್ಲಿ, ಜೂಜಿನಲ್ಲಿ, ಭೋಗದಲ್ಲಿ ಎಲ್ಲವನ್ನೂ ಕಳೆದಿದ್ದನು. ಲಿಂಕನ್‌ಷಯರಿನಲ್ಲಿದ್ದ ‘ಫಾಂಟ್ಲಿ ಪ್ರಯರಿ’ ಎಂಬ ಪೂರ್ವಿಕರ ಮನೆಯೂ ಭೂಮಿಯೂ ಅಡವಿನಲ್ಲಿದ್ದವು. ವಿಧವೆಯಾದ ತಾಯಿ, ಮದುವೆಯಾಗದ ಇಬ್ಬರು ತಂಗಿಯರು ಈತನ ಮುಖವನ್ನು ನೋಡುತ್ತ ಕುಳಿತಿದ್ದರು. ಫಾಂಟ್ಲಿಯನ್ನು ಮಾರಿ ಸಾಲ ತೀರಿಸುವುದೊಂದೇ ದಾರಿಯೆಂದು ಆಡಮ್ ನಿಶ್ಚಯಿಸುತ್ತಾನೆ.

ಮನೆಗಿಂತಲೂ ಹೆಚ್ಚಿನದೊಂದನ್ನು ಆತನು ಬಿಟ್ಟುಕೊಡಬೇಕಾಗಿತ್ತು. ಜೂಲಿಯಾ ಓವರ್‌ಸ್ಲಿ ಎಂಬ ಸುಂದರಿಯಲ್ಲಿ ಆತನು ಅನುರಕ್ತನಾಗಿದ್ದನು, ಆಕೆಯೂ ಆತನಲ್ಲಿ. ದಿವಾಳಿಯಾದವನು ಆ ಸುಕುಮಾರಿಯನ್ನು ಹೇಗೆ ಕೈಹಿಡಿದಾನು? ಜೂಲಿಯಾಳ ತಂದೆ ಕೆಟ್ಟವನಲ್ಲ. ಆತನೇ ಆಡಮನಿಗೆ ಇನ್ನೊಂದು ಸಂಬಂಧವನ್ನು ಸೂಚಿಸುತ್ತಾನೆ. ಲಂಡನ್ನಿನ ವ್ಯಾಪಾರಿ ಪೇಟೆಯಲ್ಲಿ ಸ್ವಂತ ದುಡಿಮೆಯಿಂದ ಅಪಾರ ಐಶ್ವರ್ಯವನ್ನು ಗಳಿಸಿದ ಜೊನಾಥನ್ ಚಾಲೀ ಎಂಬವನಿಗೆ ಜೆನ್ನಿ ಎಂಬ ಒಬ್ಬಳೇ ಮಗಳು; ಆಕೆ ಬಿರುದುಳ್ಳ ಮನೆತನಕ್ಕೆ ಸೇರಬೇಕೆಂಬುದು ತಂದೆಯ ಹಂಬಲ. ಆಡಮನಿಗೆ ಮೊದಲು ಹೇಸಿಗೆಯಾಗುತ್ತದೆ. ಆದರೆ ತಾಯಿ-ತಂಗಿಯರ ಮುಖ ನೆನಪಾಗುತ್ತದೆ. ಆತನು ಒಪ್ಪಿಕೊಳ್ಳುತ್ತಾನೆ.

ಜೆನ್ನಿ ರೂಪವತಿಯಲ್ಲ. ಗಿಡ್ಡ ದೇಹ, ದುಂಡು ಮುಖ, ಸಂಕೋಚದ ನಡೆ, ಮಿತವಾದ ಮಾತು. ಜೂಲಿಯಾಳೊಡನೆ ಒಂದೇ ಶಾಲೆಯಲ್ಲಿ ಓದಿದ ಗೆಳತಿ. ಆದುದರಿಂದ ಆಡಮನ ಮನಸ್ಸು ಎಲ್ಲಿದೆಯೆಂಬುದು ಆಕೆಗೆ ಮೊದಲೇ ಗೊತ್ತು. ಆಕೆಯ ಮನಸ್ಸು ಎಲ್ಲಿದೆಯೆಂಬುದು ಮಾತ್ರ ಆಡಮನಿಗೆ ಗೊತ್ತಿಲ್ಲ. ಓದುಗರಿಗೆ ಕ್ರಮೇಣ ತಿಳಿದುಬರುತ್ತದೆ: ಗೆಳತಿಯ ಪ್ರಣಯಕ್ಕೆ ಸಾಕ್ಷಿಯಾಗಿ ಮೂಲೆಯಲ್ಲಿ ಕುಳಿತಿದ್ದ ಈ ಹುಡುಗಿ ಆಗಿನಿಂದಲೇ ಆತನನ್ನು ಮೂಕವಾಗಿ ಪ್ರೀತಿಸುತ್ತಿದ್ದಳು. ಕರಾರಿನಲ್ಲಿ ಇಲ್ಲದ ಈ ಒಂದು ಅಂಶವೇ ಇಡೀ ಕಾದಂಬರಿಯ ಜೀವಾಳ.

ಆ ಕಾಲದ ಇಂಗ್ಲಿಷ್ ಕಾನೂನನ್ನು ಇಲ್ಲಿ ನೆನೆಯಬೇಕು. ಮದುವೆಯಾದೊಡನೆ ಹೆಂಡತಿಯ ಚರಸ್ವತ್ತೆಲ್ಲ ಗಂಡನದಾಗುತ್ತಿತ್ತು. ಹೆಣ್ಣಿನ ಕಡೆಯವರು ಮೊದಲೇ ಪತ್ರ ಮಾಡಿಸಿಕೊಂಡರಷ್ಟೇ ಏನಾದರೂ ಉಳಿಯುತ್ತಿತ್ತು. ಈ ಸ್ಥಿತಿ ಬದಲಾದುದು 1870 ಮತ್ತು 1882ರ ಶಾಸನಗಳಿಂದ. ವಿವಾಹ ವಿಚ್ಛೇದನಕ್ಕೆ ನ್ಯಾಯಾಲಯದ ದಾರಿ ತೆರೆದುದು 1857ರಲ್ಲಿ. ಅದಕ್ಕೆ ಮೊದಲು ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಶಾಸನವನ್ನೇ ಮಾಡಿಸಬೇಕಾಗಿತ್ತು. ಎಂದಮೇಲೆ 1814ರಲ್ಲಿ ಇಂಥ ಮದುವೆಗೆ ಸಹಿಹಾಕಿದವರಿಗೆ ಹಿಂದಿರುಗುವ ಹಾದಿಯೇ ಇರಲಿಲ್ಲ. ಉಳಿದ ದಾರಿಗಳು ಎರಡೇ: ಒಂದೇ ಮನೆಯಲ್ಲಿ ಪರಕೀಯರಂತೆ ಬಾಳುವುದು, ಇಲ್ಲವೇ ಬೇರೊಂದು ಬಗೆಯ ಬಾಳ್ವೆಯನ್ನು ಕಟ್ಟುವುದು.

ಮಾವನ ದಾನಶೂರತ್ವ

ಕಾದಂಬರಿಯ ಅತ್ಯಂತ ಸಜೀವ ಪಾತ್ರ ಮಾವ ಚಾಲೀಯದು. ದೊಡ್ಡ ದನಿ, ದೊಡ್ಡ ಮೈ, ದೊಡ್ಡ ಮನಸ್ಸು. ಚೀನಾದೇಶದ ಪಿಂಗಾಣಿಯ ಸೂಕ್ಷ್ಮವನ್ನು ಬಲ್ಲ ಈ ಮನುಷ್ಯನಿಗೆ ಮನುಷ್ಯರ ಮನಸ್ಸಿನ ಸೂಕ್ಷ್ಮ ಮಾತ್ರ ತಿಳಿಯದು. ಮಗಳಿಗೂ ಅಳಿಯನಿಗೂ ಆತನು ಕೊಟ್ಟದ್ದೇ ಕೊಟ್ಟದ್ದು. ಲಂಡನ್ನಿನ ಮನೆಯನ್ನು ತನ್ನ ರುಚಿಗೆ ತಕ್ಕಂತೆ ಸಿಂಗರಿಸಿ, ಅಳಿಯನು ಒಳಗೆ ಕಾಲಿಟ್ಟಾಗ ಹಿಗ್ಗಿ ಮುಖ ನೋಡುತ್ತಾನೆ. ಅಳಿಯನ ಮುಖದಲ್ಲಿ ಸೌಜನ್ಯದ ನಗೆ, ಎದೆಯಲ್ಲಿ ಉರಿ. ಫಾಂಟ್ಲಿಯ ಅಡಮಾನ ಪತ್ರಗಳು ಈಗ ಮಾವನ ಕೈಯಲ್ಲಿವೆ. ತನ್ನ ಮನೆ, ತನ್ನ ಕುದುರೆ, ತನ್ನ ಊಟ, ಯಾವುದೂ ತನ್ನದಲ್ಲವೆಂಬ ಭಾವನೆ ಆಡಮನನ್ನು ಹಗಲಿರುಳೂ ಚುಚ್ಚುತ್ತದೆ.

ಕೊಡುವವನು ದುಷ್ಟನಾಗಿದ್ದರೆ ಪಡೆಯುವವನಿಗೆ ಒಂದು ಅನುಕೂಲವುಂಟು. ಆತನನ್ನು ಮನಸಾರೆ ದ್ವೇಷಿಸಬಹುದು. ಕೊಡುವವನು ಒಳ್ಳೆಯವನಾಗಿದ್ದರೆ ಆ ಸಮಾಧಾನವೂ ಇಲ್ಲ. ಚಾಲೀ ಒಳ್ಳೆಯವನು. ಮಗಳಿಗಾಗಿ ಪ್ರಾಣ ಕೊಡಬಲ್ಲವನು. ಆತನು ಕೊಡುವಾಗ ಅಪ್ಪಣೆಮಾಡುತ್ತಾನೆ, ಅಪ್ಪಣೆಮಾಡುತ್ತಿದ್ದೇನೆಂಬುದು ಆತನಿಗೇ ತಿಳಿಯದು. ಉಪಕಾರದ ಭಾರವನ್ನು ಹೊತ್ತವರಿಗೆ ಈ ಭಾಗವನ್ನು ಓದುವಾಗ ತಮ್ಮದೇ ಹೆಗಲು ನೋಯುವುದು. ವಿಚಿತ್ರವೆಂದರೆ, ಆಡಮನ ಕಿರಿಯ ತಂಗಿ ಲಿಡಿಯಾ ಎಂಬ ಚೂಟಿ ಹುಡುಗಿಗೆ ಈ ಒರಟು ಮುದುಕನೊಡನೆ ಕ್ಷಣಮಾತ್ರದಲ್ಲಿ ಸ್ನೇಹವಾಗುತ್ತದೆ. ಆಕೆಗೆ ಆತನ ಹಣದ ಋಣ ಕಾಣುವುದಿಲ್ಲ, ಮನುಷ್ಯ ಕಾಣುತ್ತಾನೆ. ಅಣ್ಣನು ವರ್ಷವಿಡೀ ಕಲಿತ ಪಾಠವನ್ನು ತಂಗಿ ಒಂದೇ ಭೇಟಿಯಲ್ಲಿ ಕಲಿತಿರುತ್ತಾಳೆ.

ಜೆನ್ನಿಯ ಗೃಹಕೃತ್ಯ

ಇನ್ನು ಜೆನ್ನಿ. ಗಂಡನ ಹೃದಯವನ್ನು ಗೆಲ್ಲುವೆನೆಂದು ಆಕೆ ಹೊರಡುವುದಿಲ್ಲ. ಆತನಿಗೆ ನೆಮ್ಮದಿಯನ್ನು ಕೊಡುವೆನೆಂದು ಹೊರಡುತ್ತಾಳೆ. ಆತನಿಗೆ ಯಾವ ತಿಂಡಿ ಹಿಡಿಸುತ್ತದೆ, ಯಾವ ಹೊತ್ತಿನಲ್ಲಿ ಮಾತು ಬೇಡ, ಯಾವ ನೆನಪನ್ನು ಕೆದಕಬಾರದು, ಇವನ್ನೆಲ್ಲ ಆಕೆ ಗಮನಿಸಿ ಕಲಿಯುತ್ತಾಳೆ. ಒಂದು ಕೂಟದಲ್ಲಿ ಆಡಮನನ್ನು ಕಂಡೊಡನೆ ಜೂಲಿಯಾ ಮೂರ್ಛೆ ಹೋಗುತ್ತಾಳೆ. ನೆರೆದವರ ಕಣ್ಣುಗಳೆಲ್ಲ ಹೊಸ ಹೆಂಡತಿಯತ್ತ ತಿರುಗುತ್ತವೆ. ಜೆನ್ನಿ ಗೆಳತಿಯ ಗೆಳತಿಯಾಗಿಯೇ ನಿಂತು ಲೋಕದ ಬಾಯಿಗೆ ಬೀಗ ಹಾಕುತ್ತಾಳೆ. ಆ ಇರುಳು ಆಕೆಯ ಎದೆಯಲ್ಲಿ ಏನಿತ್ತೆಂಬುದನ್ನು ನಾವೇ ಊಹಿಸಿಕೊಳ್ಳಬೇಕು.

ಇತ್ತ ಆಡಮನಿಗೆ ಭೂಮಿಯ ಮೇಲೆ ಮನಸ್ಸು ಹರಿಯುತ್ತದೆ. ಆ ಕಾಲದಲ್ಲಿ ನಾರ್ಫೋಕ್ ಪ್ರಾಂತದ ಹೋಕಮ್ ಎಂಬಲ್ಲಿ ಥಾಮಸ್ ಕೋಕ್ ಎಂಬ ಜಮೀನುದಾರನು ಬೇಸಾಯದ ಸುಧಾರಣೆಗೆ ಹೆಸರಾಗಿದ್ದನು. ರೈತರಿಗೆ ದೀರ್ಘಾವಧಿಯ ಗೇಣಿ, ಗೋಧಿಯ ನಂತರ ಟರ್ನಿಪ್ ಗಡ್ಡೆ, ಅದರ ನಂತರ ಜವೆಗೋಧಿ, ಬಳಿಕ ಕ್ಲೋವರ್ ಹುಲ್ಲು ಎಂಬ ಸರದಿ ಬೆಳೆಯ ಕ್ರಮ, ವರ್ಷಕ್ಕೊಮ್ಮೆ ಕುರಿಯ ಉಣ್ಣೆ ಕತ್ತರಿಸುವ ಕಾಲಕ್ಕೆ ದೇಶದ ಬೇಸಾಯಗಾರರ ಮೇಳ, ಇವೆಲ್ಲ ಅಲ್ಲಿ ನಡೆಯುತ್ತಿದ್ದವು. ಆಡಮ್ ಅಲ್ಲಿಗೆ ಹೋಗಿ ಕಲಿತು ಬರುತ್ತಾನೆ. ಮಾವನಿಗೆ ಈ ಕೆಸರಿನ ಕೆಲಸ ಹಿಡಿಸದು. ಯಂತ್ರಗಳ ಕಾಲ ಬರುತ್ತಿರುವಾಗ ಗಡ್ಡೆಗೆಣಸಿನ ಮಾತೇಕೆಂದು ಆತನು ಕೇಳುತ್ತಾನೆ. ಗಂಡನಿಗೂ ತಂದೆಗೂ ನಡುವೆ ನಿಂತು ಇಬ್ಬರ ಮಾನವನ್ನೂ ಕಾಯುವ ಕೆಲಸ ಜೆನ್ನಿಯದಾಗುತ್ತದೆ. ಈ ಕೆಲಸಕ್ಕೆ ಸಂಬಳವೂ ಇಲ್ಲ, ರಜೆಯೂ ಇಲ್ಲ. ಮುಂದೆ ಆಕೆ ಗಂಡುಮಗುವಿನ ತಾಯಿಯಾಗುತ್ತಾಳೆ. ಜೂಲಿಯಾ ತನಗಿಂತ ಬಹಳ ಹಿರಿಯನೂ ವಿಧುರನೂ ಆದ ಒಬ್ಬ ಮಾರ್ಕ್ವಿಸನನ್ನು ವರಿಸುತ್ತಾಳೆ. ಯುದ್ಧಾನಂತರದ ಆ ಸಮಾಜದಲ್ಲಿ ಆಕೆಯದೂ ಒಂದು ಬಗೆಯ ಅನುಕೂಲದ ಮದುವೆಯೇ.

ವಾಟರ್ಲೂ ಮತ್ತು ಷೇರುಪೇಟೆ

ಶಾಂತಿ ಹೆಚ್ಚು ದಿನ ನಿಲ್ಲಲಿಲ್ಲ. 1815ರ ಫೆಬ್ರವರಿ ತಿಂಗಳ ಕೊನೆಗೆ ನೆಪೋಲಿಯನ್ ಎಲ್ಬಾದಿಂದ ತಪ್ಪಿಸಿಕೊಂಡು ಮಾರ್ಚ್ 20ರಂದು ಪ್ಯಾರಿಸ್ ನಗರವನ್ನು ಸೇರಿದನು. ಜೂನ್ 18ನೆಯ ತಾರೀಖು ಭಾನುವಾರ ವಾಟರ್ಲೂ ಕದನ ನಡೆಯಿತು. ತಂತಿಯಿಲ್ಲದ ಆ ಕಾಲದಲ್ಲಿ ವೆಲಿಂಗ್ಟನನ ಪತ್ರವನ್ನೂ ಗೆದ್ದ ಎರಡು ಫ್ರೆಂಚ್ ಧ್ವಜಗಳನ್ನೂ ಹೊತ್ತು ಮೇಜರ್ ಪರ್ಸಿ ಲಂಡನ್ನನ್ನು ಮುಟ್ಟಿದಾಗ 21ರ ಇರುಳಾಗಿತ್ತು. ನಡುವಿನ ದಿನಗಳಲ್ಲಿ ಲಂಡನ್ನಿನಲ್ಲಿ ಸತ್ಯವಾವುದು, ಗಾಳಿಸುದ್ದಿಯಾವುದು ಎಂದು ಹೇಳಬಲ್ಲವರಿರಲಿಲ್ಲ. ಸೋತೆವೆಂಬ ವದಂತಿಯೂ ಹಬ್ಬಿತು. ಸರಕಾರಿ ಸಾಲಪತ್ರಗಳ ಬೆಲೆ ಏರುಪೇರಾಯಿತು.

ಈ ಚರಿತ್ರೆಯ ಮೇಲೆಯೇ ಲೇಖಕಿ ಕಥೆಯ ತಿರುವನ್ನು ನಿಲ್ಲಿಸುತ್ತಾರೆ. ಗಾಬರಿಗೊಂಡ ಮಾವನು ಅಳಿಯನನ್ನು ಕರೆಸಿ ಇರುವ ಪತ್ರಗಳನ್ನೆಲ್ಲ ಕೂಡಲೇ ಮಾರೆಂದು ಹೇಳುತ್ತಾನೆ. ವ್ಯಾಪಾರದಲ್ಲಿ ಆತನ ಮಾತು ಎಂದೂ ತಪ್ಪಿದ್ದಿಲ್ಲ. ಆಡಮ್ ಅದಕ್ಕೆ ವಿರುದ್ಧವಾಗಿ, ಕೈಲಾದಷ್ಟು ಹಣವನ್ನು ಕೂಡಿಸಿ ಪತ್ರಗಳನ್ನು ಕೊಳ್ಳುತ್ತಾನೆ. ಆತನಿಗೆ ಪೇಟೆಯ ವಿದ್ಯೆ ಗೊತ್ತಿಲ್ಲ, ವೆಲಿಂಗ್ಟನ್ ಗೊತ್ತು. ಮಳೆಯಲ್ಲಿ, ಹಸಿವಿನಲ್ಲಿ, ಸೋಲಿನಂತೆ ಕಂಡ ಗೆಲುವುಗಳಲ್ಲಿ ಆ ನಾಯಕನನ್ನು ಕಂಡವನ ನಂಬಿಕೆ ಅದು. ಗೆಲುವಿನ ಸುದ್ದಿ ಬಂದಾಗ ಆಡಮ್ ಶ್ರೀಮಂತನಾಗುತ್ತಾನೆ. ಇದು ಜೂಜಲ್ಲವೇ ಎಂದು ಕೇಳಬಹುದು. ಹೌದು, ಜೂಜೇ. ಜೂಜಿನಿಂದ ಮನೆ ಹಾಳುಮಾಡಿದ ತಂದೆಯ ಮಗನು ಇನ್ನೊಂದು ಜೂಜಿನಿಂದಲೇ ಅದನ್ನು ಬಿಡಿಸಿಕೊಂಡನೆಂಬುದನ್ನು ಲೇಖಕಿ ಮರೆಮಾಚಿಲ್ಲ.

ತೀರಿದ ಸಾಲ, ತೀರದ ಋಣ

ಸಾಮಾನ್ಯ ಕಥೆಗಾರನಾದರೆ ಇಲ್ಲಿಗೆ ಮಂಗಳ ಹಾಡಿಬಿಡುತ್ತಿದ್ದನು. ಅಡಮಾನ ಬಿಡುಗಡೆಯಾಯಿತು, ಮಾನ ಉಳಿಯಿತು, ಶುಭಂ! ಆದರೆ ಮಾವನಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವ ಶಕ್ತಿ ಬಂದ ಆ ಹೊತ್ತಿನಲ್ಲಿಯೇ ಆಡಮನಿಗೆ ಇನ್ನೊಂದು ಲೆಕ್ಕ ಕಣ್ಣಿಗೆ ಬೀಳುತ್ತದೆ. ಈ ಒಂದು ವರ್ಷದಲ್ಲಿ ತನ್ನ ಮನೆ ಮನೆಯಾಗಿ ಉಳಿದುದು ಯಾರಿಂದ? ತಾಯಿಯ ಕೊಂಕುಮಾತನ್ನು ನುಂಗಿದವರಾರು? ತನ್ನ ದುಃಖವನ್ನು ಕಂಡೂ ಕಾಣದಂತೆ ನಡೆದುಕೊಂಡವರಾರು? ಈ ಋಣಕ್ಕೆ ಪತ್ರವಿಲ್ಲ, ಅವಧಿಯಿಲ್ಲ, ಬಡ್ಡಿಯ ದರವಿಲ್ಲ. ಸಾಲಪತ್ರ ಮಾರಿದ ಹಣದಿಂದ ಅದನ್ನು ತೀರಿಸುವಂತಿಲ್ಲ. ಮಾವನ ಋಣ ತೀರಿದ ದಿನವೇ ಹೆಂಡತಿಯ ಋಣ ಆತನಿಗೆ ಅರ್ಥವಾಗತೊಡಗುತ್ತದೆ. ಕಾದಂಬರಿಯ ತಿರುಳು ಇಲ್ಲಿದೆಯೆಂದು ನಮಗೆ ತೋರುತ್ತದೆ.

ಕೊನೆಗೆ ಆಡಮ್ ಜೆನ್ನಿಯನ್ನು ಪ್ರೀತಿಸುತ್ತಾನೆ. ಆದರೆ ಜೂಲಿಯಾಳನ್ನು ಪ್ರೀತಿಸಿದ ರೀತಿಯಲ್ಲಿ ಅಲ್ಲ. ಆ ಮೊದಲ ಆವೇಶ ಮತ್ತೆ ಬರುವುದಿಲ್ಲ. ಇದನ್ನು ಆತನೂ ಬಲ್ಲನು, ಆಕೆಯೂ ಬಲ್ಲಳು. ಬಾಳೆಂಬುದು ದಿನದಿನದ ಸಣ್ಣ ಸಂಗತಿಗಳಿಂದ ಆದುದು, ಅಲ್ಲಿ ತನಗೆ ಸ್ಥಾನವಿದೆ ಎಂಬ ಅರಿವಿನಲ್ಲಿ ಜೆನ್ನಿ ತೃಪ್ತಿಯನ್ನು ಕಾಣುತ್ತಾಳೆ. ತೃಪ್ತಿಯ ಒಂದು ಮೂಲೆಯಲ್ಲಿ ಸಣ್ಣ ನೋವೂ ಉಳಿಯುತ್ತದೆ. ಈ ಮುಕ್ತಾಯವನ್ನು ಕುರಿತು ಹೇಯರ್ ಅವರ ಅಭಿಮಾನಿಗಳಲ್ಲಿಯೇ ಎರಡು ಪಕ್ಷಗಳುಂಟು. ಶೃಂಗಾರ ಕಾದಂಬರಿಯಲ್ಲಿ ನಾಯಕಿಗೆ ಎರಡನೆಯ ಎಲೆಯ ಊಟವೇ ಎಂದು ಒಂದು ಪಕ್ಷದವರು ಮುನಿಯುತ್ತಾರೆ. ಇದೇ ಅವರ ಅತ್ಯಂತ ಪ್ರಾಮಾಣಿಕ ಕೃತಿಯೆಂದು ಇನ್ನೊಂದು ಪಕ್ಷದವರು ಮೆಚ್ಚುತ್ತಾರೆ. ನಾವು ಎರಡನೆಯ ಪಕ್ಷದವರು. ಆದರೂ ಮೊದಲ ಪಕ್ಷದ ದೂರಿನಲ್ಲಿ ಸತ್ಯಾಂಶವಿದೆಯೆಂದು ಒಪ್ಪಬೇಕು. ಈ ಒಪ್ಪಂದದಲ್ಲಿ ಹೆಚ್ಚು ತೆತ್ತವಳು ಹೆಣ್ಣು. ಆಡಮ್ ಪ್ರೇಯಸಿಯನ್ನು ಒಮ್ಮೆ ಕಳೆದುಕೊಂಡನು. ಜೆನ್ನಿ ಪ್ರತಿದಿನವೂ ಆ ಪ್ರೇಯಸಿಯ ನೆರಳಿನ ಪಕ್ಕದಲ್ಲಿ ಕುಳಿತು ಊಟಮಾಡಿದಳು.

ದೋಷಗಳೂ ಇಲ್ಲದಿಲ್ಲ. ಹುಟ್ಟಿನಿಂದ ಬಂದ ಕುಲೀನತೆಯನ್ನು ಲೇಖಕಿ ಅತಿಯಾಗಿ ಗೌರವಿಸುತ್ತಾರೆ. ವ್ಯಾಪಾರಿ ಎಷ್ಟೇ ಉದಾರಿಯಾದರೂ ನಗೆಪಾತ್ರನಾಗುತ್ತಾನೆ. ಜಮೀನುದಾರ ದಿವಾಳಿಯಾದರೂ ಸಭ್ಯನಾಗಿಯೇ ಉಳಿಯುತ್ತಾನೆ. ತುಟ್ಟಿಯಾದ ರೊಟ್ಟಿಯನ್ನು ಕೊಳ್ಳಬೇಕಾದ ಬಡವನ ಮುಖ ಈ ಪುಸ್ತಕದಲ್ಲಿ ಅಪರೂಪ. ಬೆವರು ಸುರಿಸಿ ಸಂಪಾದಿಸುವವರಿಗೆ ಇದು ಒಮ್ಮೊಮ್ಮೆ ಮುಳ್ಳಾದೀತು.

ನಮಗೇನು ಇದರಿಂದ?

ಈ ಕಾದಂಬರಿ ಹೊರಬಂದ 1961ರಲ್ಲಿಯೇ ನಮ್ಮ ದೇಶದಲ್ಲಿ ವರದಕ್ಷಿಣೆ ನಿಷೇಧ ಶಾಸನವೂ ಬಂದಿತು. ಎರಡಕ್ಕೂ ಸಂಬಂಧವಿಲ್ಲ; ಆದರೂ ಒಟ್ಟಿಗೆ ಇಟ್ಟು ನೋಡುವುದು ಬೋಧಪ್ರದ. ಹೆಣ್ಣಿನ ಹಣದಿಂದ ಗಂಡಿನ ಮನೆಯ ಸಾಲ ತೀರಿಸುವ ವ್ಯವಹಾರ ನಮಗೆ ಹೊಸದಲ್ಲ. ಶಾಸನ ಬಂದ ಮೇಲೂ ಅದು ನಿಂತಿಲ್ಲ. ಜೆನ್ನಿಯ ಕಥೆ ಸುಖಾಂತವಾಯಿತೆಂದು ಯಾರೂ ಆ ಪದ್ಧತಿಗೆ ಸಮರ್ಥನೆಯನ್ನು ಇಲ್ಲಿ ಹುಡುಕಬಾರದು. ಆಡಮನು ನಾಚಿಕೊಂಡನು, ಆ ನಾಚಿಕೆಯೇ ಆತನನ್ನು ಮನುಷ್ಯನನ್ನಾಗಿ ಉಳಿಸಿತು. ಪಡೆದುದನ್ನು ತನ್ನ ಹಕ್ಕೆಂದು ಬಗೆದವನು ಜೆನ್ನಿಯಂಥವಳನ್ನು ನೂರು ವರ್ಷ ಕಳೆದರೂ ಕಾಣಲಾರನು.

ಪರಸ್ಥಳದಲ್ಲಿ ದುಡಿಯುವ ನಮ್ಮವರಲ್ಲಿ ಆಡಮನ ಕಷ್ಟವನ್ನು ವಿವರಿಸಿ ಹೇಳಬೇಕಾದವರು ಕಡಮೆ. ಅಡವಿಟ್ಟ ಗದ್ದೆ, ಮದುವೆಯಾಗಬೇಕಾದ ತಂಗಿ, ತಂದೆ ಮಾಡಿಟ್ಟ ಸಾಲ, ಇವು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನಿಗೂ ಗೊತ್ತು, ಕಚೇರಿಯ ಕಡತದ ಮುಂದೆ ಕುಳಿತವನಿಗೂ ಗೊತ್ತು. ಹದಿನೈದು ದಿನಗಳ ರಜೆಯಲ್ಲಿ ಊರಿಗೆ ಹೋಗಿ, ಹಿರಿಯರು ನಿಶ್ಚಯಿಸಿದ ಹೆಣ್ಣಿಗೆ ತಾಳಿ ಕಟ್ಟಿ, ಮುಖವನ್ನು ಸರಿಯಾಗಿ ನೋಡುವ ಮೊದಲೇ ರೈಲು ಹತ್ತಿದವರೂ ನಮ್ಮಲ್ಲಿದ್ದಾರೆ. ಅಂಥವರು ತಿಂಗಳು ತಿಂಗಳೂ ಮನೆಗೆ ಕಳುಹಿಸುವ ಹಣದ ಲೆಕ್ಕ ಅವರ ಬಳಿ ಪೈಸೆ ಪೈಸೆಗೂ ಇರುತ್ತದೆ. ಊರಿನಲ್ಲಿ ಅತ್ತೆ-ಮಾವಂದಿರನ್ನು ನೋಡಿಕೊಂಡು, ಮಗುವಿನ ಜ್ವರಕ್ಕೆ ಒಬ್ಬಳೇ ಎಚ್ಚರವಿದ್ದು, ಪತ್ರದಲ್ಲಿ ಎಲ್ಲರೂ ಕ್ಷೇಮವೆಂದು ಬರೆದವಳ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ಇಂಗ್ಲಿಷ್ ಬಲ್ಲ ವಾಚಕರು ಈ ಪುಸ್ತಕವನ್ನು ಬಿಡುವಿನಲ್ಲಿ ಓದಬೇಕು. ಮೊದಲ ಕೆಲವು ಅಧ್ಯಾಯಗಳಲ್ಲಿ ಬಿರುದು-ಬಾವಲಿಗಳ ಗೊಂದಲ ತಾಳ್ಮೆಯನ್ನು ಬೇಡುತ್ತದೆ. ಚಾಲೀ ಮಹಾಶಯನು ರಂಗಕ್ಕೆ ಬಂದ ಮೇಲೆ ಪುಸ್ತಕವನ್ನು ಕೆಳಗಿಡುವುದು ಕಷ್ಟ. ಓದಿ ಮುಗಿಸಿದವರು ಮುಂದಿನ ಸಲ ಊರಿಗೆ ಹೋದಾಗ, ತಂದ ಸೀರೆಯನ್ನು ಕೊಟ್ಟು ಸುಮ್ಮನಾಗದೆ, ಈ ಒಂದು ವರ್ಷ ಮನೆಯಲ್ಲಿ ಏನೇನು ನಡೆಯಿತೆಂದು ಮಡದಿಯ ಬಳಿ ಕುಳಿತು ಕೇಳಿದರೆ, ಲೇಖಕಿಯ ಶ್ರಮ ಸಾರ್ಥಕವಾದಂತೆಯೇ ಸರಿ.